ಇದು ನೋಡ್, ಮಾವ

“ಇದು ನೋಡ್, ಮಾವ” ಎಂದ ನನ್ನ ತಂಗಿಯ ಮಗ.

“ನೋಡಿ ಎನ್ನಬಾರದೇನೋ? ಬಹುವಚನ ಬೆಂಗಳೂರಿನಲ್ಲಿ ಅಷ್ಟು ತುಟ್ಟಿಯಾಯಿತೆ?” ಎಂದೆ.

ತಪ್ಪು ನನ್ನದೇ. ಅವನು ತೋರಿಸುತ್ತಿದ್ದುದು ಕಂಪ್ಯೂಟರಿನ ಪರದೆಯ ಮೇಲಿನ ಒಂದು ಪುಟ್ಟ ಪೆಟ್ಟಿಗೆಯನ್ನು; ಅವನ ಕಸುಬಿನಲ್ಲಿ ಅದರ ಹೆಸರೇ ನೋಡ್ ಅಂತೆ. ಇಂಥ ಹೆಸರಿಟ್ಟರೆ ಕನ್ನಡ ಮೇಷ್ಟರು ಎಡವದೆ ಇನ್ನೇನು ಮಾಡಿಯಾರು?

ಹಸಿರು ಬಟ್ಟೆಯ ಮುಂದೆ ನಿಂತ ನಟನನ್ನು ಎತ್ತಿ ಹಿಮಾಲಯದ ಮೇಲೆ ನಿಲ್ಲಿಸಿ, ಮಳೆ ಸುರಿಸಿ, ಹೊಲಿಗೆ ಕಾಣದಂತೆ ಮಾಡುವುದು ಅವನ ಉದ್ಯೋಗ. ಇದಕ್ಕೆ ಕಾಂಪೋಸಿಟಿಂಗ್ ಎನ್ನುತ್ತಾರೆ. ಅವನ ಉಪಕರಣದ ಹೆಸರು ನ್ಯೂಕ್. 1993ರಲ್ಲಿ ಅಮೆರಿಕದ ಡಿಜಿಟಲ್ ಡೊಮೇನ್ ಸಂಸ್ಥೆ ತನ್ನ ಸ್ವಂತ ಬಳಕೆಗೆಂದು ಮಾಡಿಕೊಂಡ ತಂತ್ರಾಂಶ ಅದು. 2007ರಲ್ಲಿ ಲಂಡನ್ನಿನ ಫೌಂಡ್ರಿ ಸಂಸ್ಥೆಯ ಕೈಗೆ ಬಂದಿತು. ಅದರಲ್ಲಿ ಹಸಿರು ತೆಗೆಯಲು ಒಂದು ಪೆಟ್ಟಿಗೆ, ಬಣ್ಣ ತಿದ್ದಲು ಒಂದು, ಮಸುಕು ಮಾಡಲು ಒಂದು, ಎರಡು ಚಿತ್ರಗಳನ್ನು ಕೂಡಿಸಲು ಒಂದು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಗೆರೆ. ಚಿತ್ರ ಕಾಲುವೆಯ ನೀರಿನಂತೆ ಮೇಲಿನಿಂದ ಹರಿದು, ಕೆಳಗೆ ಬರುವ ವೇಳೆಗೆ ಸಿನಿಮಾ ಆಗಿರುತ್ತದೆ.

ನನಗೆ ಸೋಜಿಗವೆನಿಸಿದ್ದು ಬೇರೆ ಸಂಗತಿ. ಈ ಪೆಟ್ಟಿಗೆಗಳನ್ನು ಪರದೆಯ ಮೇಲೆ ಎಲ್ಲಿಟ್ಟರೂ, ಗೆರೆ ತಪ್ಪದಿದ್ದರೆ, ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗದು.

“ಹಾಗಾದರೆ ಓರಣ ಯಾರಿಗಾಗಿ?”

“ಮುಂದೆ ತೆರೆಯುವವರಿಗೆ, ಮಾವ.”

ಹಳಗನ್ನಡ ಪದ್ಯಕ್ಕೆ ತರಗತಿಯಲ್ಲಿ ಅನ್ವಯ ಬಿಡಿಸುವ ನನಗೆ ಇದು ಥಟ್ಟನೆ ಅರ್ಥವಾಯಿತು. ಕರ್ತೃವನ್ನು ಮುಂದಕ್ಕೆ ತಂದು ಕ್ರಿಯಾಪದವನ್ನು ಕೊನೆಗೆ ಕೂರಿಸಿದರೆ ಪದ್ಯದ ಅರ್ಥವೇನೂ ಬದಲಾಗುವುದಿಲ್ಲ, ಹುಡುಗರು ಬದುಕಿಕೊಳ್ಳುತ್ತಾರೆ.

ಆದರೆ ನೂರಾರು ಪೆಟ್ಟಿಗೆಗಳನ್ನು ಕೈಯಿಂದ ಜೋಡಿಸುತ್ತ ಕುಳಿತವರುಂಟೆ? ಎಲ್ ಕೀಲಿಯನ್ನು ಒತ್ತಿದರೆ ನ್ಯೂಕ್ ತಾನೇ ಸಾಲು ಮಾಡುತ್ತದೆ, ಆದರೆ ಅದರ ಸಾಲು ಇವನಿಗೆ ಸೇರದು. ಆದ್ದರಿಂದ ಪೈಥಾನ್ ಭಾಷೆಯಲ್ಲಿ ತಾನೇ ಒಂದು ಆಜ್ಞಾಪತ್ರ ಬರೆದ. ಪ್ರತಿ ಪೆಟ್ಟಿಗೆಗೂ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ಎಂದು ಎರಡು ಅಂಕೆಗಳಿವೆ. ಕೊನೆಯ ಪೆಟ್ಟಿಗೆಯಿಂದ ಹೊರಟು, ಬಿ ಎಂಬ ಮುಖ್ಯ ಗೆರೆಯನ್ನು ಹಿಡಿದು ಮೇಲಕ್ಕೆ ಹತ್ತಬೇಕು. ದಾರಿಯಲ್ಲಿ ಸಿಕ್ಕವನ್ನೆಲ್ಲ ಒಂದೇ ನೇರಕ್ಕೆ ನಿಲ್ಲಿಸಬೇಕು. ಎ ಕಡೆಯ ಕವಲುಗಳನ್ನು ಪಕ್ಕಕ್ಕೆ ಸರಿಸಬೇಕು. ಮೊದಲ ಸಲ ಗೆರೆಗಳೆಲ್ಲ ಸೊಟ್ಟಗಾದವಂತೆ. ಡಾಟ್ ಎಂಬ ಚುಕ್ಕೆಯ ಅಗಲ 12, ಮಾಮೂಲಿ ಪೆಟ್ಟಿಗೆಯದು 80. ಅಳತೆ ನಡುವಿನಿಂದಲ್ಲ, ಎಡ ಮೂಲೆಯಿಂದ. ಚುಕ್ಕೆಯನ್ನು 34 ಬಲಕ್ಕೆ ಸರಿಸಿದ ಮೇಲೆ ದಾರ ನೆಟ್ಟಗಾಯಿತು. ಈ 34ನ್ನು ಹೇಳುವಾಗ ಅವನ ಮುಖದಲ್ಲಿ ಶಾಸನದ ತೇದಿ ಓದಿದವನ ಕಳೆಯಿತ್ತು.

ಕಳೆದ ತಿಂಗಳು ಅವನ ಸಹೋದ್ಯೋಗಿಯೊಬ್ಬ ಕೆಲಸ ಬಿಟ್ಟುಹೋದ. ಅವನು ಅರ್ಧಕ್ಕೆ ಬಿಟ್ಟ ದೃಶ್ಯ ಇವನ ಪಾಲಿಗೆ ಬಂತು. ಮುನ್ನೂರು ಚಿಲ್ಲರೆ ಪೆಟ್ಟಿಗೆ, ಸಂತೆ ಮುಗಿದ ಬಯಲಿನಂತೆ. ಇವನು ತನ್ನ ಆಜ್ಞಾಪತ್ರವನ್ನು ಓಡಿಸಿದ. ಪ್ರಾರ್ಥನೆಯ ಸಾಲಿನಂತೆ ಎಲ್ಲವೂ ನೆಟ್ಟಗೆ ನಿಂತವು. ಆ ಮೇಲೆ ಒಂದಷ್ಟು ಕೆಲಸವನ್ನೂ ಮಾಡಿ, ಉಳಿಸಿ, ಮುಚ್ಚಿದ. ರಾತ್ರಿ ಹತ್ತಕ್ಕೆ ನಿರ್ದೇಶಕರಿಂದ ಹೇಳಿಕೆ ಬಂತು: ಎಡಗಡೆಯ ಮಳೆ ಹೆಚ್ಚಾಯಿತು, ಬೆಳಗಿನೊಳಗೆ ತಗ್ಗಿಸಿ. ಯಾವುದು ಎಡಗಡೆಯ ಮಳೆ? ಆ ಪುಣ್ಯಾತ್ಮ ಯಾವುದಕ್ಕೂ ಹೆಸರು ಬರೆದಿರಲಿಲ್ಲ. ಮಳೆಯನ್ನೆಲ್ಲ ಒಂದು ಮೂಲೆಯಲ್ಲಿ, ಹೊಗೆಯನ್ನು ಇನ್ನೊಂದರಲ್ಲಿ, ಬೇಡವಾದ ಪ್ರಯತ್ನಗಳನ್ನು ದೂರದಲ್ಲಿ ಇಟ್ಟಿದ್ದನಷ್ಟೆ. ದೂರವೇ ಅವನ ಟಿಪ್ಪಣಿ; ಇವನು ಅದನ್ನು ಅಳಿಸಿಬಿಟ್ಟಿದ್ದ.

ನ್ಯೂಕಿನ ಕಡತ ಬರಿಯ ಅಕ್ಷರಗಳ ಕಡತವಾದುದರಿಂದ ಹುಡುಗ ಬಚಾವಾದ. ಹಳೆಯ ಪ್ರತಿಯಿಂದ ಒಂದೊಂದು ಪೆಟ್ಟಿಗೆಯ ಎರಡು ಅಂಕೆಗಳನ್ನೂ ಹೆಕ್ಕಿ, ಹೊಸದರಲ್ಲಿ ಅದೇ ಹೆಸರಿನ ಪೆಟ್ಟಿಗೆಗೆ ಕೊಡುವಂತೆ ಇನ್ನೊಂದು ಆಜ್ಞಾಪತ್ರ ಬರೆದ. ಸಂತೆ ಮತ್ತೆ ಹರಡಿತು. ಮಳೆ ಮೂಲೆಯಲ್ಲೇ ಸಿಕ್ಕಿತು.

ಅವನು ನಗುತ್ತ ಹೇಳಿದ, ನಾನು ನಗಲಿಲ್ಲ. ನನ್ನ ಗುರುಗಳು ಹಳ್ಳಿ ಹಳ್ಳಿ ತಿರುಗಿ ಆಡುಮಾತಿನ ಪದಗಳನ್ನು ಚೀಟಿಗಳಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವರ ಮನೆಯವರು ಒಂದು ತಗಡಿನ ಪೆಟ್ಟಿಗೆ ತುಂಬ ಆ ಚೀಟಿಗಳನ್ನು ನನಗೆ ಕೊಟ್ಟರು, ಕಟ್ಟು ಕಟ್ಟಾಗಿ, ಪ್ರತಿ ಕಟ್ಟಿಗೂ ಒಂದು ದಾರ. ಬೇಸಗೆ ರಜೆಯಲ್ಲಿ ಕೂತು ದಾರಗಳನ್ನೆಲ್ಲ ಬಿಚ್ಚಿ, ಅಕಾರಾದಿಯಾಗಿ ಜೋಡಿಸಿದೆ. ಎಂಥ ಗುರುಸೇವೆ ಎಂದು ಬೀಗಿದೆ. ಒಂದು ಕಟ್ಟು ಎಂದರೆ ಒಂದು ಊರು ಎಂಬುದು ಆಮೇಲೆ ಹೊಳೆಯಿತು. ಚೀಟಿಯ ಮೇಲೆ ಊರಿನ ಹೆಸರಿಲ್ಲ. ದಾರವಿರುವಾಗ ಅದರ ಅಗತ್ಯ ಅವರಿಗೆ ಕಂಡಿರಲಾರದು. ಈಗ ಯಾವ ಮಾತು ಯಾವ ಊರಿನದೆಂದು ಹೇಳಬಲ್ಲವರಿಲ್ಲ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ದಿನ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ದಾರಗಳನ್ನು ಎಸೆದುಬಿಟ್ಟಿರಾ, ಮಾವ?” ಎಂದು ಕೇಳಿದ.

“ಇಲ್ಲ ಕಣೋ. ಒಂದು ಉಂಡೆ ಸುತ್ತಿ ಅದೇ ಪೆಟ್ಟಿಗೆಯಲ್ಲಿಟ್ಟಿದ್ದೇನೆ.”