ಚೀನೀ ಹೋಟೆಲಿನಲ್ಲಿ ಕೇಳಿದ ಪ್ರಶ್ನೆ

ಹಬ್ಬದ ಬಲಿಪೂಜೆ ಮುಗಿದು ಜನರು ಇಗರ್ಜಿಯಿಂದ ಹೊರಗೆ ಬರುವಷ್ಟರಲ್ಲಿ ಮಾರ್ಗದ ಬದಿಯಲ್ಲಿ ಅಂಗಡಿಗಳು ಸಾಲುಗಟ್ಟಿ ನಿಂತಿರುತ್ತವೆ. ನಾವು ಚಿಕ್ಕವರಿದ್ದಾಗ ಅಲ್ಲಿ ಚರುಮುರಿ, ಕಬ್ಬಿನ ಹಾಲು, ಐಸ್‌ಕ್ಯಾಂಡಿ, ಬಣ್ಣದ ಮಿಠಾಯಿ ಇಷ್ಟೇ ಇರುತ್ತಿದ್ದವು. ಈಗ ಜನ ಹೆಚ್ಚು ಮುತ್ತುವುದು ಗೋಬಿ ಮಂಚೂರಿಯ ಗಾಡಿಯನ್ನು. 2024ರ ಜನವರಿಯ ಹಬ್ಬದಂದು ಅಂಥ ಗಾಡಿಯ ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಮೊಮ್ಮಗಳ ತಟ್ಟೆಯ ಕೆಂಪು ತುಂಡೊಂದನ್ನು ಬಾಯಿಗಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು:

"ಫಾದರ್, ಚೀನಾದವರು ದಿನಾ ಇದನ್ನೇ ತಿನ್ನುವುದಾ? ಅವರಿಗೆ ಖಾರ ಆಗುವುದಿಲ್ಲವಾ?"

ಅಕ್ಕಪಕ್ಕದ ಧರ್ಮಕೇಂದ್ರಗಳಲ್ಲಿ ಸೇವೆಯಲ್ಲಿರುವ ನಾವು ಮೂವರು ಗುರುಗಳು ಅಲ್ಲಿದ್ದೆವು. ಮೂವರೂ ನಕ್ಕು "ಹೌದು ಅಜ್ಜಿ, ಅವರಿಗೆ ಅಭ್ಯಾಸ" ಎಂದುಬಿಟ್ಟೆವು. ಗೊತ್ತಿಲ್ಲದ್ದನ್ನು ಗೊತ್ತಿರುವವರಂತೆ ಹೇಳುವ ಚಾಳಿ ಪ್ರವಚನ ಪೀಠದಿಂದ ಕೆಳಗಿಳಿದ ಮೇಲೂ ನಮ್ಮನ್ನು ಬಿಡುವುದಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ನಮಗೆ ಕೋಲ್ಕತ್ತಾದಲ್ಲಿ ಒಂದು ವಾರದ ಶಿಬಿರವಿತ್ತು. ಬೆಂಗಳೂರಿನ ಸೆಮಿನರಿಯಲ್ಲಿ ನಮ್ಮ ಜತೆ ಓದಿದ, ಮಣಿಪುರ ಮೂಲದ ಗೆಳೆಯರೊಬ್ಬರು ಈಗ ಅಲ್ಲಿಯೇ ಗುರುಗಳಾಗಿದ್ದಾರೆ. ಸೆಮಿನರಿಯ ದಿನಗಳಲ್ಲಿ ಕಲಿತ ಕನ್ನಡವನ್ನು ಇಂದಿಗೂ ಮರೆತಿಲ್ಲ. ರೈಲು ನಿಲ್ದಾಣಕ್ಕೆ ಬಂದು ನಮ್ಮನ್ನು ಎದುರುಗೊಂಡವರೇ, "ಭಾನುವಾರ ಇಡೀ ದಿನ ನನ್ನ ಲೆಕ್ಕ. ಬೆಳಗ್ಗೆಯೂ ರಾತ್ರಿಯೂ ಚೀನೀ ಊಟ" ಎಂದರು. ಅಜ್ಜಿಯ ಪ್ರಶ್ನೆ ನೆನಪಾಗಿ ನಾವು ಸಂತೋಷದಿಂದಲೇ ಒಪ್ಪಿಕೊಂಡೆವು.

ಭಾನುವಾರದ ಬಲಿಪೂಜೆಯನ್ನು ಸಂಜೆಗೆ ಇಟ್ಟುಕೊಂಡು ಬೆಳಗ್ಗೆ ಆರು ಗಂಟೆಗೇ ಟಿರೆಟ್ಟಾ ಬಜಾರಿನಲ್ಲಿದ್ದೆವು. ಅದು ಲಾಲ್‌ಬಜಾರಿಗೆ ಸಮೀಪದ ಹಳೆಯ ಪೇಟೆ. 18ನೇ ಶತಮಾನದಲ್ಲಿ ಅಲ್ಲಿದ್ದ ಎಡ್ವರ್ಡೊ ಟಿರೆಟ್ಟಾ ಎಂಬ ಇಟಲಿಯವನಿಂದ ಆ ಹೆಸರು ಬಂತು. ಪೊದ್ದಾರ್ ಕೋರ್ಟ್ ಕಟ್ಟಡದ ಬಳಿ ರಸ್ತೆ ಬದಿಯಲ್ಲೇ ಹಬೆಯಾಡುವ ಪಾತ್ರೆಗಳು. ಒಳಗೆ ಮಾಂಸ ತುಂಬಿದ ಬಿಳಿ ಬನ್ನಿನಂಥ 'ಬಾವ್', ನಮ್ಮ ಕಡುಬನ್ನು ನೆನಪಿಸುವ ಮೊಮೊ, ಮೀನಿನ ಉಂಡೆಗಳು ತೇಲುವ ಸಾರು, ಹಂದಿಮಾಂಸದ ಸಾಸೇಜು. ಬಫತ್ ಪುಡಿಯ ಘಾಟಿನಲ್ಲೇ ಬೆಳೆದ ನಮ್ಮ ನಾಲಿಗೆಗೆ ಮೊದಲ ತುತ್ತು ಸಪ್ಪೆ ಎನಿಸಿತು. ಎರಡನೆಯ ತುತ್ತಿಗೆ ಶುಂಠಿಯ ರುಚಿ ತಿಳಿಯಿತು. ಮೂರನೆಯ ಹೊತ್ತಿಗೆ ನಮ್ಮಲ್ಲೊಬ್ಬರು ಇನ್ನೊಂದು ತಟ್ಟೆಗೆ ಕೈ ಚಾಚಿದ್ದರು. ಎಂಟೂವರೆಗೆಲ್ಲ ಪಾತ್ರೆಗಳು ಖಾಲಿಯಾಗಿ, ಅಲ್ಲಿ ಊಟದ ಸಂತೆ ನಡೆದಿತ್ತೆಂಬ ಗುರುತೂ ಇಲ್ಲದಂತಾಯಿತು.

ಅಲ್ಲಿಂದ ಗಲ್ಲಿಗಳಲ್ಲಿ ನಡೆಯುತ್ತಿರುವಾಗ 'ಸೀ ಇಪ್ ಚರ್ಚ್' ಎಂಬ ಫಲಕ ಕಂಡಿತು. ಚೀನೀ ಕ್ರೈಸ್ತರ ಇಗರ್ಜಿ ಇರಬೇಕೆಂದು ಚಪ್ಪಲಿ ಸರಿಮಾಡಿಕೊಂಡು, ಶಿಲುಬೆಯ ಗುರುತು ಹಾಕಲು ಕೈಯೆತ್ತುತ್ತಲೇ ಒಳಗೆ ಹೋದೆವು. ಎದುರಿಗೆ ಅಗರಬತ್ತಿಯ ಹೊಗೆಯ ನಡುವೆ ಕುಳಿತಿದ್ದದ್ದು ಕರುಣೆಯ ದೇವತೆ ಗ್ವಾನ್‌ಯಿನ್! ಈ ಊರಿನ ಚೀನೀ ದೇವಾಲಯಗಳಿಗೆಲ್ಲ 'ಚರ್ಚ್' ಎಂದೇ ಹೆಸರು ಎಂದು ಗೆಳೆಯರು ನಗುತ್ತಾ ತಿಳಿಸಿದರು. ಸೀ ಇಪ್ ಸ್ಥಾಪನೆಯಾದದ್ದು 1905ರಲ್ಲಿ. ಸನಿಹದ ಟೂಂಗ್ ಆನ್ ಚರ್ಚ್‌ನ ಕೆಳಮಹಡಿಯಲ್ಲಿ 1920ರ ದಶಕದಿಂದ 'ನಾನ್‌ಕಿಂಗ್' ಎಂಬ ಹೆಸರಾಂತ ಹೋಟೆಲಿತ್ತು. ಮೇಲೆ ದೇವರು, ಕೆಳಗೆ ಊಟ. ದೊಡ್ಡ ದೊಡ್ಡವರು ಬಂದು ಉಣ್ಣುತ್ತಿದ್ದ ಆ ಹೋಟೆಲು ಮುಚ್ಚಿ ದಶಕಗಳೇ ಸಂದಿವೆ.

ಚೀನೀಯರು ಈ ಊರಿಗೆ ಬಂದದ್ದು ನಿನ್ನೆ ಮೊನ್ನೆಯಲ್ಲ. ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದ ಕಾಲದಲ್ಲಿ ಟಾಂಗ್ ಅಚ್ಯೂ ಎಂಬಾತ ಬಜ್‌ಬಜ್ ಸಮೀಪ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹಾಕಿದ. ಆ ಜಾಗಕ್ಕೆ ಅವನ ಹೆಸರಿನಿಂದಲೇ ಇಂದಿಗೂ ಅಚೀಪುರ ಎನ್ನುತ್ತಾರೆ. ಚೀನೀ ಹೊಸ ವರ್ಷದಲ್ಲಿ ಜನ ಅಲ್ಲಿಗೆ ಯಾತ್ರೆ ಹೋಗುತ್ತಾರೆ. ಅವನ ನಂತರ ಬಂದವರಲ್ಲಿ ಕ್ಯಾಂಟನ್ ಕಡೆಯವರು ಬಡಗಿಗಳಾದರು, ಹೂಬೆಯವರು ಹಲ್ಲಿನ ವೈದ್ಯರಾದರು, ಹಕ್ಕಾ ಜನರು ಚರ್ಮ ಹದಮಾಡುವ ಮತ್ತು ಚಪ್ಪಲಿ ಹೊಲಿಯುವ ಕೆಲಸ ಹಿಡಿದರು. ಪ್ರಿಯ ಓದುಗರೇ, ಹೋಟೆಲಿನಲ್ಲಿ 'ಹಕ್ಕಾ ನೂಡಲ್ಸ್' ತರಿಸಿಕೊಳ್ಳುವ ನಾವು ಹಕ್ಕಾ ಎಂದರೆ ಯಾವುದೋ ಸಾಸಿನ ಹೆಸರೆಂದುಕೊಂಡಿದ್ದೆವು. ಅದು ಒಂದು ಜನಸಮುದಾಯದ ಹೆಸರು. 'ಅತಿಥಿ ಮನೆತನದವರು' ಎಂಬುದು ಅದರ ಅರ್ಥ. ಚೀನಾದೊಳಗೇ ವಲಸೆ ಹೋಗಿ ನೆಲೆಸಿದ್ದರಿಂದ ಆ ಹೆಸರು ಅವರಿಗೆ ಅಂಟಿಕೊಂಡಿತು.

ಸಂಜೆಯ ಪೂಜೆ ಮುಗಿಸಿ ಟ್ಯಾಂಗ್ರಾಕ್ಕೆ ಹೊರಟೆವು. ನಗರದ ಪೂರ್ವ ಅಂಚಿನ ಈ ಪ್ರದೇಶ ಹಕ್ಕಾ ಜನರ ಚರ್ಮೋದ್ಯಮದ ನೆಲೆಯಾಗಿತ್ತು. ಮೇಲ್ಜಾತಿಯವರು ಮುಟ್ಟಲೊಲ್ಲದ ಕೆಲಸ, ಯಾರೂ ವಾಸಿಸಲು ಬಯಸದ ಜೌಗು ನೆಲ. ಎರಡನ್ನೂ ಇವರು ತಮ್ಮದಾಗಿಸಿಕೊಂಡು ಬದುಕು ಕಟ್ಟಿದರು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಮಾಲಿನ್ಯದ ಕಾರಣದಿಂದ ಟ್ಯಾಂಗ್ರಾ ಮತ್ತು ಸುತ್ತಲಿನ ಚರ್ಮ ಹದಮಾಡುವ ಕಾರ್ಖಾನೆಗಳೆಲ್ಲ ನಗರದಾಚೆಯ ಬಂತಲಾಕ್ಕೆ ಹೋಗಬೇಕೆಂದು ಆದೇಶಿಸಿತು. ಕೆಲವರು ಹೋದರು, ಕೆಲವರು ಕೆನಡಾದ ಟೊರಾಂಟೊ ಮುಂತಾದ ಕಡೆಗಳಿಗೆ ವಲಸೆ ಹೋದರು. ಉಳಿದವರಲ್ಲಿ ಅನೇಕರಿಗೆ ಆಸರೆಯಾದದ್ದು ಮನೆಯ ಅಡುಗೆಯೇ. ಕಾರ್ಖಾನೆಯ ಗೋಡೆಗಳಿಗೆ ಸುಣ್ಣ ಬಳಿದು ಕೆಂಪು ಲಾಟೀನು ತೂಗುಹಾಕಿದರು. ಇಂದು ಕೋಲ್ಕತ್ತಾದವರಿಗೆ ಟ್ಯಾಂಗ್ರಾ ಎಂದರೆ ಊಟದ ಬೀದಿ. ಅಲ್ಲೊಂದು ಚೀನೀ ಕಾಳಿ ಮಂದಿರವೂ ಇದೆ. ಪ್ರಸಾದವಾಗಿ ನೂಡಲ್ಸ್ ಕೊಡುತ್ತಾರೆ!

ನಾವು ಹೊಕ್ಕ ಹೋಟೆಲು ಅಂಥದ್ದೇ ಒಂದು ಹಳೆಯ ಕಟ್ಟಡದಲ್ಲಿತ್ತು. ಗೆಳೆಯರು ಚಿಲ್ಲಿ ಚಿಕನ್, ಬೆಳ್ಳುಳ್ಳಿ ಹಾಕಿದ ಸಿಗಡಿ, ನೂಡಲ್ಸ್ ತರಿಸಿದರು. ಅಡುಗೆಮನೆಯ ಬಾಗಿಲಿನಿಂದ ಇಣುಕಿ ನೋಡಿದೆವು. ಹೆಚ್ಚುವುದು, ಕಾರ್ನ್‌ಫ್ಲೋರ್ ಹಚ್ಚಿಡುವುದು ಎಲ್ಲವೂ ಮೊದಲೇ ಆಗಿರುತ್ತದೆ. ಬೋರ್ಗರೆಯುವ ಉರಿಯ ಮೇಲೆ ದೊಡ್ಡ ಕಬ್ಬಿಣದ ಬಾಣಲೆ. ಬೆಳ್ಳುಳ್ಳಿ, ಹಸಿಮೆಣಸು ಬೀಳುತ್ತವೆ. ಒಂದೆರಡು ಸಲ ಬಾಣಲೆಯನ್ನು ಹಾರಿಸಿ ಸೋಯಾ ಸಾಸ್ ಸುರಿದರೆ ಮುಗಿಯಿತು. ಬಾಣಲೆ ಹಿಡಿದಿದ್ದವರು ಬಂಗಾಳಿ ಹುಡುಗರು. ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತಿದ್ದ ಎಪ್ಪತ್ತರ ಆಸುಪಾಸಿನ ಅಮ್ಮ ಅವರಿಗೆ ಬಂಗಾಳಿಯಲ್ಲೇ ಗದರುತ್ತಿದ್ದರು.

ಊಟ ಬಲು ರುಚಿಯಾಗಿತ್ತು. ಆ ಅಮ್ಮ ನಮ್ಮ ಮೇಜಿನ ಬಳಿಗೆ ಬಂದು ವಿಚಾರಿಸಿದಾಗ ನಾವು ಹಿಂದಿಯಲ್ಲಿ ಹೊಗಳಿ, ಆತ್ಮೀಯತೆ ತೋರಿಸಲೆಂದು ಕೇಳಿದೆವು: "ಚೀನಾದಲ್ಲಿ ನಿಮ್ಮ ಊರು ಯಾವುದಮ್ಮಾ?"

ಆಕೆ ಸಿಟ್ಟಾಗಲಿಲ್ಲ. "ನಾನು ಚೀನಾ ನೋಡಿಲ್ಲ. ನನ್ನ ಊರು ಇದೇ. ನನ್ನ ತಂದೆ ಹುಟ್ಟಿದ್ದೂ ಇಲ್ಲೇ" ಎಂದರು. ಸ್ವಲ್ಪ ತಡೆದು, "ನನಗೆ ಎಂಟು ವರ್ಷವಾಗಿದ್ದಾಗಲೂ ನಮ್ಮ ತಂದೆಗೆ ಇದೇ ಪ್ರಶ್ನೆ ಕೇಳಿದ್ದರು" ಎಂದರು.

ಅದು 1962. ಅಕ್ಟೋಬರ್, ನವೆಂಬರ್ ತಿಂಗಳುಗಳ ಚೀನಾ ಯುದ್ಧ. ಗಡಿಯಲ್ಲಿ ನಮ್ಮ ಯೋಧರು ಪ್ರಾಣ ಕೊಟ್ಟದ್ದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಓದದೇ ಇದ್ದದ್ದು ಇನ್ನೊಂದು ಕತೆ. ಅಸ್ಸಾಂ, ಉತ್ತರ ಬಂಗಾಳ ಮುಂತಾದ ಕಡೆಗಳಿಂದ ಸುಮಾರು 3,000 ಚೀನೀ ಮೂಲದವರನ್ನು, ಹೆಂಗಸರು ಮಕ್ಕಳೆನ್ನದೆ, ರೈಲಿನಲ್ಲಿ ಕೂರಿಸಿ ರಾಜಸ್ಥಾನದ ದೇವಲಿಯ ಬಂದೀಶಿಬಿರಕ್ಕೆ ಕಳಿಸಲಾಯಿತು. ಅವರ ಮೇಲೆ ಯಾವ ವಿಚಾರಣೆಯೂ ನಡೆಯಲಿಲ್ಲ. ಕೆಲವರು ಹೊರಗೆ ಬಂದದ್ದು 1967ರಲ್ಲಿ. ಟ್ಯಾಂಗ್ರಾದ ಪ್ರಸಿದ್ಧ ಹೋಟೆಲುಗಳ ಒಡತಿ ಮೋನಿಕಾ ಲಿಯು ಬಾಲಕಿಯಾಗಿದ್ದಾಗ ಶಿಲ್ಲಾಂಗಿನಿಂದ ಕುಟುಂಬದೊಂದಿಗೆ ಅಲ್ಲಿಗೆ ಹೋಗಿ ವರ್ಷಗಟ್ಟಲೆ ಕಳೆದವರು. ಶಿಬಿರಕ್ಕೆ ಹೋಗದವರ ಬದುಕೂ ಸುಲಭವಾಗಿರಲಿಲ್ಲ. ಪರವಾನಗಿಯಿಲ್ಲದೆ ಊರು ಬಿಡುವಂತಿರಲಿಲ್ಲ. "ನಮ್ಮ ತಂದೆಗೆ ಪರವಾನಗಿ ಸಿಗಲಿಲ್ಲ. ತಮ್ಮನ ಮದುವೆಗೂ ಹೋಗಲಾಗಲಿಲ್ಲ. ಆ ಮೇಲೆ ನೆಂಟರೆಲ್ಲ ಒಬ್ಬೊಬ್ಬರಾಗಿ ದೇಶ ಬಿಟ್ಟರು" ಎಂದು ಆಕೆ ಹೇಳಿದರು. ಸಾವಿರಾರು ಮಂದಿ ಇದ್ದ ಆ ಸಮುದಾಯದಲ್ಲಿ ಈಗ ಉಳಿದವರು ಕೆಲವೇ. ಟೊರಾಂಟೊದಲ್ಲಿ ಈಗ 'ಹಕ್ಕಾ' ಹೋಟೆಲು ಎಂದರೆ ಚಿಲ್ಲಿ ಚಿಕನ್ ಸಿಗುವ, ನಮ್ಮ ದೇಶದ ರುಚಿಯ ಚೀನೀ ಹೋಟೆಲು ಎಂದೇ ಅರ್ಥವಂತೆ. ಹೋದಲ್ಲಿಗೆ ಅವರು ಕೊಂಡೊಯ್ದದ್ದು ಕೋಲ್ಕತ್ತಾದ ರುಚಿಯನ್ನು.

ಇದೆಲ್ಲ ಹಳೆಯ ಮಾತು ಎನ್ನುವಂತಿಲ್ಲ. 2020ರಲ್ಲಿ ಕೊರೊನಾ ಬಂದಾಗ ಜನ ಇವರ ಹೋಟೆಲುಗಳಿಗೆ ಕಾಲಿಡಲು ಹಿಂಜರಿದರು. ಅದೇ ಜೂನ್‌ನಲ್ಲಿ ಗಲ್ವಾನ್ ಕಣಿವೆಯ ಘರ್ಷಣೆ ನಡೆದಾಗ ಕೇಂದ್ರದ ಸಚಿವರೊಬ್ಬರು ಚೀನೀ ತಿಂಡಿ ಮಾರುವ ಹೋಟೆಲುಗಳನ್ನೇ ನಿಷೇಧಿಸಬೇಕೆಂದರು. ನೂಡಲ್ಸ್ ಬಿಟ್ಟರೆ ಬೀಜಿಂಗಿಗೆ ನಷ್ಟವಾಗುವುದಿಲ್ಲ, ಟ್ಯಾಂಗ್ರಾದ ಅಮ್ಮನಿಗೆ ಆಗುತ್ತದೆ ಎಂಬುದು ಅಂದು ನಮಗೂ ಹೊಳೆದಿರಲಿಲ್ಲ.

ಆಮೇಲೆ ಆಕೆ ನಮ್ಮ ಊರು ಕೇಳಿದರು. "ಕಾಸರಗೋಡು. ಕೇರಳದಲ್ಲಿದೆ, ಆದರೆ ನಮ್ಮ ಭಾಷೆ ಕನ್ನಡ" ಎಂದೆವು. ಆಕೆ ನಕ್ಕು, "ಹಾಗಾದರೆ ನಿಮ್ಮನ್ನೂ ಜನ ಕೇಳುತ್ತಿರಬೇಕು" ಎಂದರು. ನಿಜವೇ. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದಂದಿನಿಂದ ಬೆಂಗಳೂರಿನಲ್ಲಿ "ಕೇರಳದವರಾದರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡುತ್ತೀರಿ" ಎನ್ನುತ್ತಾರೆ, ತಿರುವನಂತಪುರದ ಕಚೇರಿಯಲ್ಲಿ "ನೀವು ಕರ್ನಾಟಕದವರೋ" ಎನ್ನುತ್ತಾರೆ. ಆದರೆ ನಮ್ಮನ್ನು ಯಾರೂ ಆ ಕಾರಣಕ್ಕೆ ರೈಲಿಗೆ ಹತ್ತಿಸಲಿಲ್ಲ. ಆಕೆಯ ನೋವಿನೊಡನೆ ನಮ್ಮ ಕಿರಿಕಿರಿಯನ್ನು ತೂಗಲು ಮನಸ್ಸಾಗಲಿಲ್ಲ.

ಇಷ್ಟು ಹೊತ್ತೂ ನಮ್ಮ ಗೆಳೆಯರು ಮಾತಾಡಿರಲಿಲ್ಲ. ಹೊರಗೆ ಬಂದ ಮೇಲೆ ನಮಗೆ ಕಾರಣ ಹೊಳೆಯಿತು. ಸೆಮಿನರಿಯಲ್ಲಿ ನಾವು ಅವರಿಗೆ ಇಟ್ಟಿದ್ದ ಅಡ್ಡಹೆಸರು 'ಚೀನಿ'. ಆಟದ ಬಯಲಿನಲ್ಲಿ, ಊಟದ ಕೋಣೆಯಲ್ಲಿ ಇಷ್ಟೂ ವರ್ಷ ಅದೇ ಹೆಸರು. ರಾತ್ರಿ ನೂಡಲ್ಸ್ ಮಾಡಿದ ದಿನ "ಇವತ್ತು ಚೀನಿಗೆ ಹಬ್ಬ" ಎಂದು ನಗೆಯಾಡುತ್ತಿದ್ದೆವು. ಅವರೂ ನಗುತ್ತಿದ್ದರು. ಮಣಿಪುರ ನಮ್ಮ ದೇಶದಲ್ಲಿದೆ ಎಂಬುದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಕರೆಯುತ್ತಿದ್ದೆವು.

ಟ್ಯಾಂಗ್ರಾದ ಆ ಓಣಿಯಲ್ಲಿ ನಿಂತು ನಾವು ಮೂವರೂ ಅವರಲ್ಲಿ ಕ್ಷಮೆ ಕೇಳಿದೆವು. ಸಾವಿರಾರು ಜನರ ಪಾಪನಿವೇದನೆ ಕೇಳಿದ ಗುರುಗಳಿಗೆ ತಮ್ಮ ತಪ್ಪನ್ನು ಹೇಳುವಾಗ ಮಾತೇ ತಡವರಿಸಿತು. ಅವರು ಹೇಳಿದರು: "ಮರೆತುಬಿಟ್ಟಿದ್ದೆ ಎಂದರೆ ಸುಳ್ಳಾಗುತ್ತದೆ. ನೀವು ಪ್ರೀತಿಯಿಂದಲೇ ಕರೆದಿರಿ ಎಂದೂ ಗೊತ್ತು. ಆದರೆ ನನ್ನ ಹೆಸರು ಅಷ್ಟೇನೂ ಕಷ್ಟದ್ದಾಗಿರಲಿಲ್ಲ." ಅಷ್ಟೇ ಹೇಳಿ ಟ್ಯಾಕ್ಸಿ ಹುಡುಕಲು ಮುಂದೆ ನಡೆದರು. ಆ ವಾರ ಶಿಬಿರದಲ್ಲಿ ಬರೆದುಕೊಂಡ ಟಿಪ್ಪಣಿಗಳು ಈಗ ಎಲ್ಲಿವೆಯೋ ತಿಳಿಯದು. ಆ ಮಾತು ಮಾತ್ರ ನೆನಪಿನಲ್ಲಿದೆ.

ಊರಿಗೆ ಮರಳಿದ ಮೇಲೆ ಅಜ್ಜಿಯ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಕೆಲಸ ಬಾಕಿ ಇತ್ತು. ಮಂಚೂರಿಯಾ ಎಂಬುದು ಚೀನಾದ ಈಶಾನ್ಯ ಭಾಗದ ಹಳೆಯ ಹೆಸರು. ಅಲ್ಲಿಗೂ ಈ ತಿಂಡಿಗೂ ಯಾವ ಸಂಬಂಧವೂ ಇಲ್ಲ. ಕೋಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ, ಹೊಸದೇನಾದರೂ ಮಾಡಿಕೊಡಿ ಎಂದ ಗಿರಾಕಿಗೆ ನಮ್ಮ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿಗೆ ತಮ್ಮ ಸೋಯಾ ಸಾಸ್ ಸೇರಿಸಿ ಚಿಕನ್ ಮಂಚೂರಿಯನ್ ಮಾಡಿದರೆಂದು ಹೇಳುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಗೋಬಿ ಮಂಚೂರಿಯಾಯಿತು.

2025ರ ಹಬ್ಬದಲ್ಲಿ ಅಜ್ಜಿ ಅದೇ ಗಾಡಿಯ ಹತ್ತಿರ ಸಿಕ್ಕಿದರು. "ಅಜ್ಜಿ, ಹಿಂದಿನ ವರ್ಷ ನಾವು ಹೇಳಿದ್ದು ತಪ್ಪು. ಇದು ಚೀನಾದ್ದಲ್ಲ. ನಮ್ಮ ದೇಶದಲ್ಲೇ ಹುಟ್ಟಿ ಬೆಳೆದವರು ಮಾಡಿದ್ದು. ಅವರೂ ನಮ್ಮವರೇ" ಎಂದೆವು.

ಅಜ್ಜಿ ಮೊಮ್ಮಗಳ ತಟ್ಟೆಯನ್ನು ಒಮ್ಮೆ ನೋಡಿದರು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ನಿಷೇಧಿಸಿದ್ದನ್ನು ಅವರು ಪತ್ರಿಕೆಯಲ್ಲಿ ಓದಿದ್ದರೆಂದು ಕಾಣುತ್ತದೆ.

"ಹಾಗೋ ಫಾದರ್? ಮತ್ತೆ ಈ ಕೆಂಪು ಬಣ್ಣ ಯಾರು ಹಾಕಿದ್ದು?"

"ಅದು ನಾವೇ ಹಾಕಿದ್ದು ಅಜ್ಜಿ" ಎಂದೆವು.