ಹರೆಯದ ಹುಡುಗಿಗೊಂದು ಮೈದಾನ

ಅಣ್ಣನ ಜೊತೆ ಚೆಂಡು ಒದೆಯುತ್ತ ಬೆಳೆದ ಹುಡುಗಿಗೆ ಊರಿನ ಹುಡುಗರ ತಂಡದಲ್ಲಿ ಜಾಗವಿರುತ್ತದೆ. ಬಟ್ಟೆಯೆಲ್ಲ ಕೆಸರಾದರೂ ಯಾರೂ ಬೈಯುವುದಿಲ್ಲ. ಆದರೆ ಹರೆಯಕ್ಕೆ ಕಾಲಿಟ್ಟಳೋ, 'ಇನ್ನು ಸಾಕು' ಎನ್ನುತ್ತಾರೆ. ಅಣ್ಣ ಆಡಲು ಹೋಗುತ್ತಾನೆ, ತಂಗಿ ಬೇಲಿಯಾಚೆ ನಿಂತು ನೋಡುತ್ತಾಳೆ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ಎಷ್ಟೋ ಹೆಣ್ಣುಮಕ್ಕಳ ಫುಟ್‌ಬಾಲ್ ಹೀಗೇ ಮುಗಿದುಹೋಗಿದೆ.

ಈ ಫುಟ್‌ಬಾಲ್ ಆ ದೇಶದ್ದೇ ಆಟ. ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡ್ಡುಗಟ್ಟಬಾರದೆಂಬ ಯೋಚನೆ ಇದರ ಹುಟ್ಟಿಗೆ ಒಂದು ಕಾರಣ. 1859ರಲ್ಲಿ ಮೆಲ್ಬರ್ನ್ ನಗರದಲ್ಲಿ ಇದರ ನಿಯಮಗಳನ್ನು ಬರೆದಿಟ್ಟರು. ಮೈದಾನ ಕ್ರಿಕೆಟ್ಟಿನದೇ, ಚೆಂಡು ಮಾತ್ರ ಮೊಟ್ಟೆಯಾಕಾರದ್ದು. ತಂಡಕ್ಕೆ 18 ಮಂದಿ. ಚೆಂಡನ್ನು ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ದಾಟಿಸಬಹುದು, ಎಸೆಯುವಂತಿಲ್ಲ. ಎದುರಾಳಿಯನ್ನು ಹಿಡಿದು ಕೆಡವುವುದೂ ಉಂಟು. ಹಾಗಾಗಿ ಇದು ಗಂಡಸರ ಆಟವೆಂದೇ ಎಲ್ಲರೂ ನಂಬಿದ್ದರು.

ಹೆಂಗಸರು ಆಡಲಿಲ್ಲವೆಂದಲ್ಲ. 1915ರಲ್ಲೇ ಪರ್ತ್ ನಗರದ ದೊಡ್ಡ ಅಂಗಡಿಯೊಂದರ ಕೆಲಸದ ಹೆಣ್ಣುಮಕ್ಕಳು ತಂಡ ಕಟ್ಟಿದ್ದರು. 1918ರಲ್ಲಿ ಬಲರಾಟ್ ಊರಿನ ಬಟ್ಟೆ ಕಾರ್ಖಾನೆಯ ಯುವತಿಯರು ನಿಧಿ ಕೂಡಿಸಲು ಮೈದಾನಕ್ಕಿಳಿದರು. ಆದರೆ ವಿಕ್ಟೋರಿಯದಲ್ಲಿ ಮಹಿಳೆಯರ ಲೀಗ್ ಶುರುವಾಗಲು 1981 ಬರಬೇಕಾಯಿತು. ಮೊದಲ ವರ್ಷ ಇದ್ದದ್ದು ನಾಲ್ಕೇ ತಂಡಗಳು.

1990ರಲ್ಲಿ ಆರಂಭವಾದದ್ದು ಮೆಲ್ಬರ್ನಿನ ಉತ್ತರ ಭಾಗದ ಡ್ಯಾರೆಬಿನ್ ಫಾಲ್ಕನ್ಸ್ ಕ್ಲಬ್. ಮಹಿಳೆಯರಿಗಾಗಿ ಮಹಿಳೆಯರೇ ನಡೆಸುವ ಕ್ಲಬ್ ಅದು. ಆಡುವವರಿಗೆ ಸಂಬಳವಿರಲಿಲ್ಲ. ದಿನವಿಡೀ ದುಡಿದು ಸಂಜೆ ಅಭ್ಯಾಸಕ್ಕೆ ಬರಬೇಕು. ಸೂಲಗಿತ್ತಿಯ ವೃತ್ತಿ ಮಾಡುತ್ತಿದ್ದ ಡೈಸಿ ಪಿಯರ್ಸ್ ಬೆಳೆದದ್ದು ಇಂಥ ತಂಡದಲ್ಲೇ.

2003ರಲ್ಲಿ ಹುಡುಗರ ತಂಡಗಳಿಂದ ಹೊರಬಿದ್ದ ಮೂವರು ಹುಡುಗಿಯರು ನ್ಯಾಯಮಂಡಳಿಯ ಮೆಟ್ಟಿಲೇರಿದರು. ಅದರ ಬೆನ್ನಲ್ಲೇ, 2004ರಲ್ಲಿ, ಹದಿಹರೆಯದ ಹುಡುಗಿಯರಿಗೆಂದೇ ಪಂದ್ಯಾವಳಿ ಶುರುವಾಯಿತು. ಬೇಲಿಯಾಚೆ ನಿಂತಿದ್ದವರಿಗೆ ಒಳಗೆ ಬರಲು ದಾರಿಯಾಯಿತು.

ಫಾಲ್ಕನ್ಸ್ 2006ರಿಂದ 2010ರವರೆಗೆ ಸತತ ಐದು ಬಾರಿ ಪ್ರಶಸ್ತಿ ಗೆದ್ದಿತು. 2013ರಿಂದ 2017ರವರೆಗೆ ಮತ್ತೆ ಐದು ಬಾರಿ. ಈ ನಡುವೆ, 2017ರ ಫೆಬ್ರುವರಿ 3ರಂದು, ಮಹಿಳೆಯರ ರಾಷ್ಟ್ರೀಯ ಲೀಗ್ ಆರಂಭವಾಯಿತು. ಮೊದಲ ಪಂದ್ಯಕ್ಕೆ 24,000ಕ್ಕೂ ಹೆಚ್ಚು ಜನ ಸೇರಿ ಗೇಟು ಮುಚ್ಚಬೇಕಾಯಿತು. ಹೊರಗುಳಿದವರ ಬಳಿ ಲೀಗಿನ ಮುಖ್ಯಸ್ಥರೇ ಬಂದು ಕ್ಷಮೆ ಕೇಳಿದರು.

ಆ ಸಂಭ್ರಮಕ್ಕೆ ಫಾಲ್ಕನ್ಸ್ ಬೆಲೆ ತೆರಬೇಕಾಯಿತು. ಪಿಯರ್ಸ್ ಮೆಲ್ಬರ್ನ್ ತಂಡದ ನಾಯಕಿಯಾದರು, 2022ರಲ್ಲಿ ಆ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ಕ್ಲಬ್ಬು ಬೆಳೆಸಿದ ಇತರರೂ ದೊಡ್ಡ ತಂಡಗಳಿಗೆ ಹೋದರು. 2018ರಲ್ಲಿ ಆ ದೊಡ್ಡ ಕ್ಲಬ್ಬುಗಳೇ ರಾಜ್ಯದ ಲೀಗಿಗೂ ಇಳಿದವು. ಫಾಲ್ಕನ್ಸ್‌ನ ಗೆಲುವಿನ ಸರಣಿ ಅಲ್ಲಿಗೆ ತುಂಡಾಯಿತು.

ಸಾಕಿ ಸಲಹಿದ ಮಕ್ಕಳು ರೆಕ್ಕೆ ಬಲಿತು ಹಾರಿಹೋದಾಗ ಹೆತ್ತವರಿಗೆ ಹೆಮ್ಮೆಯೂ ಆಗುತ್ತದೆ, ಮನೆಯೂ ಬಿಕೋ ಎನ್ನುತ್ತದೆ. ಫಾಲ್ಕನ್ಸ್ ಮಾತ್ರ ಬಾಗಿಲು ಹಾಕಿಕೊಳ್ಳಲಿಲ್ಲ. ಎಲ್ಲ ಹುಡುಗಿಯರೂ ಡೈಸಿ ಪಿಯರ್ಸ್ ಆಗಲಾರರು, ಆಗಬೇಕಾಗಿಯೂ ಇಲ್ಲ. ಹದಿಮೂರರ ಮಗಳು ಚೆಂಡು ಹಿಡಿದು ಹೊರಟಾಗ 'ಇನ್ನು ಸಾಕು' ಎನ್ನದೆ, 'ಕತ್ತಲಾಗುವ ಮುಂಚೆ ಬಾ' ಎನ್ನುವ ಮನೆ, ಹೋದಲ್ಲಿ ಆಡಲೊಂದು ಮೈದಾನ, ಇಷ್ಟಿದ್ದರೆ ಅವಳಿಗೆ ಸಾಕು.