ಜೇಡದ ನೂಲು, ಘಾಟಿಯ ಹಳಿ

ನೆಲದ ಏರಿಳಿತ ಅಳೆಯುವ ನನ್ನ ಹಳೇ ಡಂಪಿ ಲೆವೆಲ್ಲಿನ ದುರ್ಬೀನಿನೊಳಗಿನ ಅಡ್ಡಗೆರೆ ಮೊನ್ನೆ ಕೊನೆಗೂ ನೆಟ್ಟಗೆ ಕೂತಿತು. ಗಾಜಿನ ಮೇಲೆ ಕೊರೆದ ಗೆರೆಯಲ್ಲ, ಅಪ್ಪಟ ಜೇಡದ ನೂಲು. ಬಲೆಯಿಂದ ಕಿತ್ತದ್ದು ಆಗದು, ಅದರಲ್ಲಿ ಅಂಟು, ಧೂಳು ಎರಡೂ ಇರುತ್ತವೆ. ಜೇಡವನ್ನು ಕಡ್ಡಿಯಿಂದ ಕೆಳಕ್ಕೆ ಉದುರಿಸಿ, ಅದು ಜೋತುಬೀಳುತ್ತ ಬಿಡುವ ನೂಲನ್ನೇ ತಂತಿಯ ಕವೆಗೆ ಸುತ್ತಿಕೊಳ್ಳಬೇಕು. ಬಾಯಿಯ ಆವಿ ಹಾಯಿಸಿ, ಬಿಗಿಯಾಗಿ ಎಳೆದು, ಅರಗಿನ ಚುಕ್ಕೆಯಿಂದ ಹಿಡಿಸಬೇಕು. ಅಷ್ಟು ಹೊತ್ತು ಫ್ಯಾನ್ ಹಾಕುವಂತಿಲ್ಲ, ಸೀನುವಂತಿಲ್ಲ. ಮೂಲೆಯ ಜೇಡಗಳನ್ನು ಗುಡಿಸಬೇಡಿ ಎಂದದ್ದಕ್ಕೆ ಮನೆಯಲ್ಲಿ ನಡೆದ ವಿಚಾರಣೆ ಬೇರೆ.

ಇಷ್ಟು ಪಾಡುಪಟ್ಟು ಹಿತ್ತಾಳೆ ಪ್ರಿಯ ಮಿತ್ರರಿಗೆ ತೋರಿಸಿದರೆ, "ಯಾಕ್ ಸಾರ್ ಇಷ್ಟ್ ಕಪ್ಪಗಿದೆ? ಹುಣಸೆಹಣ್ಣು ಹಾಕಿ ತಿಕ್ಕಿಸಬಾರ್ದಾ?" ಅನ್ನುತ್ತಾರೆ. ಸ್ವಾಮಿ, ಅದು ಕೊಳೆಯಲ್ಲ, ಬಿಸಿಲಲ್ಲಿ ಕಣ್ಣು ಕುಕ್ಕದಿರಲೆಂದು ತಯಾರಿಸಿದವರೇ ಕೊಟ್ಟ ಬಣ್ಣ. ಥಿಯೊಡೊಲೈಟನ್ನೂ ಹೀಗೇ ಉಜ್ಜಿ, ಬೆಳ್ಳಿಪಟ್ಟಿಯ ಡಿಗ್ರಿ ಗೆರೆಗಳನ್ನೇ ಅಳಿಸಿ, ದೀಪದ ಕಂಬದಂತೆ ಹಜಾರದಲ್ಲಿ ನಿಲ್ಲಿಸಿದವರಿದ್ದಾರೆ. ಕೋನ ಓದಲು ಬಾರದ ಥಿಯೊಡೊಲೈಟ್ ಯಾತಕ್ಕೆ? ಅಂಥವರ ಮನೆಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ವಿಲಿಯಂ ಗ್ರಾವಟ್ 1832ರಲ್ಲಿ ಲಂಡನ್-ಡೋವರ್ ರೈಲುಮಾರ್ಗದ ಸರ್ವೆಗಾಗಿ ಡಂಪಿಯನ್ನು ರೂಪಿಸಿದ್ದು ಷೋಕೇಸಿಗಲ್ಲ. ಮೋಟು ದುರ್ಬೀನು, ಅದಕ್ಕೊಂದು ರಸಮಟ್ಟ. ದೂರದಲ್ಲಿ ನಿಲ್ಲಿಸಿದ ಅಳತೆಕೋಲು, ಅಂದರೆ ಸ್ಟಾಫ್, ಅದರಲ್ಲಿ ತಲೆಕೆಳಗಾಗಿ ಕಾಣುತ್ತದೆ, ಅಷ್ಟೆ. ದುರ್ಬೀನಿನ ನೋಟ ತುಸು ಓರೆಯಿದ್ದರೂ ಚಿಂತೆಯಿಲ್ಲ. ಹಿಂದಿನ ಸ್ಟಾಫೂ ಮುಂದಿನ ಸ್ಟಾಫೂ ಸಮದೂರದಲ್ಲಿದ್ದರೆ ಎರಡೂ ಓದಿನಲ್ಲಿ ಒಂದೇ ತಪ್ಪು ಕೂತು, ಕಳೆಯುವಾಗ ಹೊರಟುಹೋಗುತ್ತದೆ. ಡೊಂಕು ಯಂತ್ರದಿಂದ ನೆಟ್ಟಗಿನ ಉತ್ತರ! ನನಗೆ ಇದಕ್ಕಿಂತ ರುಚಿಯಾದ ವಿದ್ಯೆ ಇನ್ನೊಂದಿಲ್ಲ.

ಬಯಲಲ್ಲಿ ಇದು ಸಲೀಸು. ಗುಡ್ಡವನ್ನು ನೇರ ಏರುವಾಗ ನೋಡಬೇಕು ಫಜೀತಿ. ಕಣ್ಣಿನ ಎತ್ತರ 5 ಅಡಿ, ಸ್ಟಾಫ್ 14 ಅಡಿ. ಮೇಲುಗಡೆ ನೆಲ 5 ಅಡಿ ಏರುತ್ತಲೇ ನೋಟ ಮಣ್ಣಿಗೆ ಬಡಿಯುತ್ತದೆ. ಕೆಳಗಡೆ 9 ಅಡಿ ಇಳಿಯುವವರೆಗೂ ಸ್ಟಾಫ್ ಸಿಗುತ್ತದೆ. ಹಿಂದಿನ ದೂರ ಮುಂದಿನದಕ್ಕಿಂತ ಹೆಚ್ಚುಕಮ್ಮಿ ಇಮ್ಮಡಿಯಾಗಿ, ಪ್ರತಿ ಬಾರಿ ಯಂತ್ರ ಊರಿದಾಗಲೂ ತಪ್ಪು ಒಂದೇ ಕಡೆಗೆ ಬೆಳೆಯುತ್ತದೆ. ಅದಕ್ಕೇ ಬಲ್ಲವರು ಅಡ್ಡಡ್ಡ ಸುತ್ತಿ ಹತ್ತುತ್ತಿದ್ದರು. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ರೈಲುಹಳಿಯ ಏರು 50ಕ್ಕೆ 1. ಅಂಥಲ್ಲಿ ಲೆಕ್ಕದಲ್ಲಿ ಒಂದಡಿ ಎತ್ತರ ತಪ್ಪಿತೆಂದರೆ, ಅದನ್ನು ಸರಿತೂಗಿಸಲು 50 ಅಡಿ ಹಳಿಗೆ ಜಾಗ ಹುಡುಕಬೇಕು, ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ.

"ಈಗ ಜಿಪಿಎಸ್ ಇದೆಯಲ್ಲ ಸಾರ್" ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಜಿಪಿಎಸ್ ಅಳೆಯುವುದು ಗಣಿತದವರು ಕಲ್ಪಿಸಿದ ನುಣುಪು ಭೂಮಿಯಿಂದ ಎತ್ತರವನ್ನು. ನೀರು ಯಾವ ಕಡೆ ಹರಿದೀತು ಎಂಬುದಕ್ಕೆ ಇನ್ನೊಂದು ಲೆಕ್ಕ ಸೇರಿಸಬೇಕು. ನಂಬಿಕೆಯಿಲ್ಲದಿದ್ದರೆ ಯಾವುದಾದರೂ ಸೇತುವೆ ಕಾಮಗಾರಿಯ ಬಳಿ ನಿಂತು ನೋಡಿ, ಮೂರು ಕಾಲಿನ ಮೇಲೆ ಇವತ್ತಿಗೂ ಒಂದು ಲೆವೆಲ್ ಇರುತ್ತದೆ.